ಐವತ್ತು ಲಕ್ಷ ಮುಗಿದ ಮೇಲೆ

ನನ್ನ ಅಕ್ಕನ ಮಗನಿಗೆ ಗೋಶೆ ಕಾಯಿಲೆ ಎಂದು ಗೊತ್ತಾದಾಗ ಅವನಿಗೆ ಏಳು ವರ್ಷ. ಔಷಧ ಇದೆ ಎಂದು ಡಾಕ್ಟರ್ ಮೊದಲು ಹೇಳಿದರು; ಬೆಲೆ ಹೇಳಿದ್ದು ಆಮೇಲೆ. ಆ ಎರಡು ಮಾತುಗಳ ನಡುವಿನ ಅರ್ಧ ನಿಮಿಷ ಅಕ್ಕನ ಮುಖ ಅರಳಿತ್ತು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಸೇವಾ ಸಹಕಾರಿ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವವಳು ನಾನು. ತೆರಿಗೆ ರಸೀದಿ, ಸ್ವಾಧೀನ ಪತ್ರ, ಜಾಮೀನುದಾರರ ಸಹಿ, ಇವೇ ನನ್ನ ದಿನದ ಕೆಲಸ. ಭಾವನಿಗೆ ಒಂದಿಷ್ಟು ಅಡಿಕೆ ತೋಟವಿದೆ, ಉಳಿದ ಹೊತ್ತಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. ಮನೆಯಲ್ಲಿ ಸರ್ಕಾರಿ ಕಾಗದಕ್ಕೆ ಹೆದರದವಳು ನಾನೊಬ್ಬಳೇ ಆದ್ದರಿಂದ ರಿಪೋರ್ಟುಗಳ ಚೀಲ ನನ್ನ ಮೇಜಿಗೆ ಬಂತು. ಇವತ್ತಿಗೂ ಅಲ್ಲೇ ಇದೆ, ಚೀಲ ಮಾತ್ರ ಎರಡು ಸಲ ದೊಡ್ಡದಾಗಿದೆ.

ಕಾಯಿಲೆ ಪತ್ತೆಯಾದ ಕಥೆ ಉದ್ದದ್ದು, ಚುಟುಕಾಗಿ ಹೇಳಿ ಮುಗಿಸುತ್ತೇನೆ. ಹೊಟ್ಟೆ ಊದಿತು, ಮೂಗಿನಿಂದ ರಕ್ತ ಬಂತು, ಎಲ್ಲಿ ತಾಗಿದರೂ ಮೈ ನೀಲಿಗಟ್ಟಿತು. ಜಂತುಹುಳಕ್ಕೆ ಔಷಧವಾಯಿತು, ಮಲೇರಿಯಾ ಇರಬಹುದೆಂದು ನೋಡಿದ್ದಾಯಿತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂಬ ಅನುಮಾನದಲ್ಲಿ ಮಜ್ಜೆ ತೆಗೆದರು. ಅದನ್ನು ನೋಡಿದ ಒಬ್ಬ ಡಾಕ್ಟರ್, ಪುಣ್ಯಾತ್ಮರು, ಕಿಣ್ವದ ಪರೀಕ್ಷೆ ಬರೆದುಕೊಟ್ಟರು. ಗೋಶೆಯಲ್ಲಿ ದೇಹದ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಡೆದು ಹೋಗಬೇಕಾದ ಒಂದು ಬಗೆಯ ಕೊಬ್ಬು ಗುಲ್ಮ (ಸ್ಪ್ಲೀನ್), ಯಕೃತ್ತು, ಮೂಳೆಯ ಮಜ್ಜೆಗಳಲ್ಲಿ ಸೇರುತ್ತ ಹೋಗುತ್ತದೆ. ಆ ಕಿಣ್ವವನ್ನೇ ಹೊರಗಿನಿಂದ ಕೊಡುವುದು ಚಿಕಿತ್ಸೆ.

ನಮ್ಮ ಕಡೆ ಮಗುವಿಗೆ ಹೆಸರು ಗೊತ್ತಿಲ್ಲದ ಕಾಯಿಲೆ ಬಂದರೆ ಜನ ಮೊದಲು ಹೇಳುವ ಮಾತು ಎಂಡೋಸಲ್ಫಾನ್. ಅದರಲ್ಲಿ ತಪ್ಪೇನೂ ಇಲ್ಲ. ಎಣ್ಮಕಜೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರ್ ಆ ಕೀಟನಾಶಕ ಸಿಂಪಡಿಸಿದ್ದನ್ನು ಕಂಡವರು ಇನ್ನೂ ಇದ್ದಾರೆ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಪಟ್ಟಿಗೆ ಸೇರುವುದೇ ಒಂದು ಹೋರಾಟವಾಯಿತು. "ಇವನ ಹೆಸರನ್ನೂ ಪಟ್ಟಿಗೆ ಹಾಕಿಸಿ" ಎಂದು ಭಾವನಿಗೆ ಹೇಳಿದವರು ಒಬ್ಬರಲ್ಲ. ಭಾವನ ಮನಸ್ಸು ವಾಲಿತು. ನಾನು ಒಪ್ಪಲಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಜೀನ್ ಸೇರಿ ಬರುವ ಕಾಯಿಲೆ ಇದು ಎಂದು ರಿಪೋರ್ಟಿನಲ್ಲೇ ಬರೆದಿದೆ. ಆ ರಿಪೋರ್ಟನ್ನು ಒಂದು ಕಚೇರಿಯಲ್ಲಿ ಮುಚ್ಚಿಟ್ಟು, ಇನ್ನೊಂದು ಕಚೇರಿಯಲ್ಲಿ ತೋರಿಸಲು ಆಗುವುದಿಲ್ಲ. ಅಲ್ಲದೆ ನಿಜವಾದ ಸಂತ್ರಸ್ತರು ಇನ್ನೂ ಸರದಿಯಲ್ಲಿ ನಿಂತಿರುವ ಪಟ್ಟಿ ಅದು. ಅತ್ತೆಯ ಕಡೆಯವರು ಜ್ಯೋತಿಷಿಯಿಂದ ಪ್ರಶ್ನೆ ಇಡಿಸಿ ನಾಗನಿಗೆ ತಂಬಿಲದ ಪೂಜೆ ಕೊಡಿಸಿದರು. ಅದಕ್ಕೆ ನಾನು ಅಡ್ಡ ಹೋಗಲಿಲ್ಲ, ಅದರಿಂದ ಕಡತಕ್ಕೆ ತೊಂದರೆಯಿಲ್ಲ.

ಈಗ ಬೆಲೆಯ ಮಾತು. ಇಮಿಗ್ಲುಸೆರೇಸ್ ಎಂಬ ಈ ಔಷಧ ಪುಡಿಯ ರೂಪದಲ್ಲಿ ಪುಟ್ಟ ಶೀಶೆಯಲ್ಲಿ ಬರುತ್ತದೆ, ಶೀಶೆಗೆ 400 ಯೂನಿಟ್. ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡಬೇಕು. ಡಾಕ್ಟರ್ ಬರೆದದ್ದು ಕಿಲೋ ತೂಕಕ್ಕೆ 60 ಯೂನಿಟ್. ಹುಡುಗ ಆಗ 20 ಕಿಲೋ. ಅಂದರೆ ಒಂದು ಸಲಕ್ಕೆ ಮೂರು ಶೀಶೆ, ವರ್ಷಕ್ಕೆ 78. ನಮಗೆ ಹೇಳಿದ ಬೆಲೆ ಶೀಶೆಗೆ ಲಕ್ಷದ ಆಸುಪಾಸು. ಬ್ಯಾಂಕಿನ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿದೆ, ಅಕ್ಕನಿಗೆ ತೋರಿಸಲಿಲ್ಲ. ಅದೂ ಒಂದು ವರ್ಷದ ಲೆಕ್ಕ. ಚಿಕಿತ್ಸೆ ಜೀವನಪೂರ್ತಿ, ತೂಕ ಏರಿದಂತೆ ಔಷಧವೂ ಏರುತ್ತದೆ. ಹತ್ತು ಕಿಲೋ ತೂಕದ ಮಗುವಿಗೇ ಕೆಲವು ವಿರಳ ರೋಗಗಳ ಚಿಕಿತ್ಸೆಗೆ ವರ್ಷಕ್ಕೆ 10 ಲಕ್ಷದಿಂದ ಒಂದು ಕೋಟಿಗೂ ಮೇಲೆ ತಗಲಬಹುದು ಎಂದು ಕೇಂದ್ರ ಸರ್ಕಾರದ ನೀತಿಯಲ್ಲೇ ಬರೆದಿದ್ದಾರೆ. ಹಣವಿಲ್ಲದೆ ಸೋತವರು ನಾವು ಮಾತ್ರವಲ್ಲ ಎಂದು ಅದನ್ನು ಓದಿದಾಗ ಅನ್ನಿಸಿತು. ಆದರೆ ಅದರಿಂದ ಶೀಶೆ ಬರುವುದಿಲ್ಲವಲ್ಲ.

ಮೊದಲು ಕೈ ಹಾಕಿದ್ದು ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಗೆ. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ, ಅದೂ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಳಿಗೆ. ನಮ್ಮ ಲೆಕ್ಕದಲ್ಲಿ ಒಂದು ತಿಂಗಳೂ ಸಾಗದು. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಸರ್ಕಾರಿ ಅರ್ಜಿಗಳನ್ನು ಹಾಕಿಕೊಡುವ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿದೆವು. ಸಿಕ್ಕಿದ್ದು ಮಂಗಳೂರಿನ ಪರೀಕ್ಷೆಗಳ ಸಾಲ ತೀರಿಸಲು ಆಯಿತು. ಔಷಧ ಕಂಪನಿಗಳೇ ನಡೆಸುವ ಉಚಿತ ಔಷಧದ ಯೋಜನೆಗೆ ಡಾಕ್ಟರ್ ಮೂಲಕ ಅರ್ಜಿ ಹೋಯಿತು. ಅಲ್ಲಿ ಸರದಿ ಇದೆ, ಯಾವಾಗ ಎಂದು ಹೇಳಲಾಗದು ಎಂಬ ಉತ್ತರ ಬಂತು.

ಅಷ್ಟರಲ್ಲಿ ಊರಿನಲ್ಲಿ ಚಿಕಿತ್ಸಾ ಸಹಾಯ ಸಮಿತಿ ಹುಟ್ಟಿಕೊಂಡಿತು. ಕೇರಳದಲ್ಲಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾರ್ಡ್ ಸದಸ್ಯೆ ಅಧ್ಯಕ್ಷೆ, ದೇವಸ್ಥಾನದ ಮೊಕ್ತೇಸರರು ಮತ್ತು ಮಸೀದಿಯ ಕಾರ್ಯದರ್ಶಿ ರಕ್ಷಾಧಿಕಾರಿಗಳು, ಮೂರು ಪಕ್ಷಗಳ ಹುಡುಗರು ಸದಸ್ಯರು. 2021ರಲ್ಲಿ ಕಣ್ಣೂರು ಜಿಲ್ಲೆಯ ಮಾಟೂಲಿನ ಮಗುವಿಗೆ 18 ಕೋಟಿಯ ಚುಚ್ಚುಮದ್ದಿಗಾಗಿ ಒಂದೇ ವಾರದಲ್ಲಿ 46 ಕೋಟಿಗೂ ಹೆಚ್ಚು ಹಣ ಬಂದದ್ದು ಎಲ್ಲರ ನೆನಪಿನಲ್ಲಿತ್ತು. "ನಮಗೂ ಆಗುತ್ತದೆ" ಎಂದು ಹುಡುಗರು ಹುರುಪಿನಲ್ಲಿದ್ದರು. ಬಿರಿಯಾನಿ ಮಾರಿ ಹಣ ಕೂಡಿಸುವ ಬಿರಿಯಾನಿ ಚಾಲೆಂಜ್ ಆಯಿತು. ಖಾಸಗಿ ಬಸ್ಸಿನವರು ಒಂದು ದಿನದ ಕಲೆಕ್ಷನ್ ಪೂರ್ತಿ ಕೊಟ್ಟರು. ಆ ದಿನ ಯಾರೂ ಚಿಲ್ಲರೆ ವಾಪಸು ಕೇಳಲಿಲ್ಲ ಎಂದು ಕಂಡಕ್ಟರ್ ಹೇಳಿದರು. ಪೆರ್ಲದ ಕಡೆಯ ಹವ್ಯಾಸಿ ಕಲಾವಿದರು ಸಂಭಾವನೆ ಇಲ್ಲದೆ ತಾಳಮದ್ದಳೆ ನಡೆಸಿಕೊಟ್ಟರು.

ಸಮಿತಿಯ ಖಾತೆಯನ್ನು ನನ್ನ ಬ್ಯಾಂಕಿನಲ್ಲೇ ತೆರೆಯೋಣ ಎಂದಾಗ ನಾನು ಬೇಡವೆಂದೆ. ಬೇರೆ ಬ್ಯಾಂಕಿನಲ್ಲಿ, ಮೂವರ ಜಂಟಿ ಹೆಸರಿನಲ್ಲಿ ತೆರೆಯಿತು. ಮನೆಯವರ ಹೆಸರು ಅದರಲ್ಲಿಲ್ಲ. ಇನ್ನೊಂದಕ್ಕೂ ಬೇಡ ಎಂದೆ: ಹುಡುಗನ ಅಂಗಿ ಎತ್ತಿ ಹೊಟ್ಟೆ ತೋರಿಸುವ ಫೋಟೋ. ನಿಧಿ ಸಂಗ್ರಹಿಸುವ ಒಂದು ಕಂಪನಿಯ ಹುಡುಗ ಫೋನಿನಲ್ಲಿ, "ಮೇಡಂ, ಅಳುವ ವಿಡಿಯೋ ಇದ್ದರೆ ಬೇಗ ಆಗುತ್ತದೆ" ಎಂದ. ಅವನು ಸುಳ್ಳು ಹೇಳಲಿಲ್ಲ, ಅದೇ ದುಃಖ. ಆದರೆ ಏಳು ವರ್ಷದವನಿಗೆ ಎಲ್ಲ ಗೊತ್ತಾಗುತ್ತದೆ. ಶಾಲೆಯಲ್ಲಿ ಅವನ ಪಕ್ಕ ಕುಳಿತವನೂ ಅಪ್ಪನ ಮೊಬೈಲಿನಲ್ಲಿ ಅದನ್ನೇ ನೋಡುತ್ತಾನೆ. ಶಾಲೆಯ ಗುರುತಿನ ಚೀಟಿಯಲ್ಲಿದ್ದ ಫೋಟೋ ಹಾಕಿದೆವು. ಬಂದ ಹಣ ಕಡಿಮೆಯೇ ಆಯಿತು ಎಂದು ಸಮಿತಿಯ ಕೆಲವರಿಗೆ ಇನ್ನೂ ನನ್ನ ಮೇಲೆ ಅಸಮಾಧಾನವಿದೆ, ಇರಲಿ. ಮಾಟೂಲಿನದ್ದು ಒಂದೇ ಸಲದ ಔಷಧ. ನಮ್ಮದು ಎರಡು ವಾರಕ್ಕೊಮ್ಮೆಯದು. ಊರವರ ಕರುಣೆಯನ್ನು ಎರಡು ವಾರಕ್ಕೊಮ್ಮೆ ಕೇಳಲಾಗುತ್ತದೆಯೇ?

ದಾರಿ ತೋರಿಸಿದ್ದು ಬೆಂಗಳೂರಿನಲ್ಲಿರುವ ಆರ್ಡಿ (ORDI) ಎಂಬ ವಿರಳ ರೋಗಗಳ ಸಂಘಟನೆಗೆ ಮಾಡಿದ ಒಂದು ಫೋನ್ ಕರೆ. 2021ರಲ್ಲಿ ಕೇಂದ್ರ ಸರ್ಕಾರ ವಿರಳ ರೋಗಗಳ ರಾಷ್ಟ್ರೀಯ ನೀತಿ ತಂದಿದೆ, 2022ರಿಂದ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಇದೆ, ಗೋಶೆ ಅದರ ಪಟ್ಟಿಯಲ್ಲಿದೆ ಎಂದು ತಿಳಿದದ್ದು ಆಗ. ಒಂದು ಬಾರಿಯ ಚಿಕಿತ್ಸೆಯಿಂದ ಗುಣವಾಗುವವು ಮೊದಲ ಗುಂಪು, ದೀರ್ಘಕಾಲದ್ದಾದರೂ ಖರ್ಚು ಕಡಿಮೆ ಇರುವವು ಎರಡನೆಯದು, ಔಷಧವಿದ್ದೂ ಖರ್ಚು ವಿಪರೀತವಾಗಿ ಜೀವನಪೂರ್ತಿ ಬೇಕಾದವು ಮೂರನೆಯದು. ನಾವು ಮೂರನೆಯ ಗುಂಪು. ಈ ಹಣ ಯಾರ ಖಾತೆಗೂ ಬರುವುದಿಲ್ಲ. ಸರ್ಕಾರ ಗುರುತಿಸಿದ ಸೆಂಟರ್ ಆಫ್ ಎಕ್ಸಲೆನ್ಸ್ ಆಸ್ಪತ್ರೆಗಳಿಗೆ ಹೋಗುತ್ತದೆ; ಆಸ್ಪತ್ರೆಯೇ ಔಷಧ ಖರೀದಿಸಿ ರೋಗಿಗೆ ಕೊಡುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಹಣವನ್ನಲ್ಲ, ಆಸ್ಪತ್ರೆಯನ್ನು. ಇದನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಎಷ್ಟೋ ಓಡಾಟ ತಪ್ಪುತ್ತಿತ್ತು.

ಎರಡು ಊರುಗಳು ಎದುರಿಗಿದ್ದವು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಒಂದು ಕೇಂದ್ರ. ತಿರುವನಂತಪುರದ ವೈದ್ಯಕೀಯ ಕಾಲೇಜಿನ ಆವರಣದಲ್ಲಿರುವ ಎಸ್‌ಎಟಿ ಆಸ್ಪತ್ರೆ, ಪಟ್ಟಿಗೆ ಆಮೇಲೆ ಸೇರಿದ್ದು, ಇನ್ನೊಂದು. ಅಕ್ಕ, ಭಾವ ಇಬ್ಬರೂ ಬೆಂಗಳೂರು ಎಂದರು. ಭಾಷೆ ನಮ್ಮದು, ನೆಂಟರಿದ್ದಾರೆ, ದಾರಿಯೂ ಹತ್ತಿರ. ಯಾವ ಕೇಂದ್ರಕ್ಕಾದರೂ ಹೋಗಬಹುದು, ಕೇಂದ್ರದ ಹಣಕ್ಕೆ ರಾಜ್ಯದ ಗಡಿಯಿಲ್ಲ. ನಾನು ತಿರುವನಂತಪುರ ಎಂದೆ. ಕಾರಣ ಒಂದೇ: 50 ಲಕ್ಷ ನಮ್ಮ ಲೆಕ್ಕದಲ್ಲಿ ಎಂಟು ತಿಂಗಳೂ ಬಾಳುವುದಿಲ್ಲ. ಮುಗಿದ ಮೇಲೆ ಉಳಿಯುವುದು ರಾಜ್ಯ ಸರ್ಕಾರ, ಮತ್ತು ನಮ್ಮ ಪಡಿತರ ಚೀಟಿ ಇರುವುದು ಕೇರಳದಲ್ಲಿ. 2024ರ ಫೆಬ್ರವರಿಯಲ್ಲಿ ಕೇರಳ ವಿರಳ ರೋಗಗಳಿಗೆಂದೇ ‘ಕೇರ್’ ಎಂಬ ಯೋಜನೆ ಆರಂಭಿಸಿತ್ತು. ಅದು ನಡೆಯುವುದು ಎಸ್‌ಎಟಿ ಆಸ್ಪತ್ರೆಯ ಮೂಲಕ. ನಾವು ಮದುವೆಗೆ ಜವಳಿ ತೆಗೆಯುವುದು ಮಂಗಳೂರಿನಲ್ಲಿ, ಹೆರಿಗೆ ಮಂಗಳೂರಿನಲ್ಲಿ, ಓದುವ ಪತ್ರಿಕೆ ಕನ್ನಡದ್ದು. ಆದರೆ 2020ರ ಲಾಕ್‌ಡೌನಿನಲ್ಲಿ ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದು, ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದ್ದನ್ನು ಕಂಡ ಮೇಲೆ ಜೀವನಪೂರ್ತಿಯ ಔಷಧವನ್ನು ಗಡಿಯಾಚೆ ಇಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಭಾವ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಮಂಗಳೂರಿನ ಹೆರಿಗೆಯ ಫಲ ಕಾಗದದಲ್ಲಿ ಕಾಣಿಸಿತು. ಹುಡುಗನ ಜನನ ಪ್ರಮಾಣಪತ್ರ ಕರ್ನಾಟಕದ್ದು. ಹುಟ್ಟಿದ್ದು ಆ ರಾಜ್ಯದಲ್ಲಿ, ಇರುವುದು ಈ ರಾಜ್ಯದಲ್ಲಿ ಎಂದರೆ ಇಲ್ಲಿಯವನೇ ಎಂದು ಹೇಳುವ ನೇಟಿವಿಟಿ ಪತ್ರಕ್ಕೆ ಹೆತ್ತವರ ಹುಟ್ಟಿನ ದಾಖಲೆ, ಶಾಲೆಯ ದಾಖಲೆ, ಎಲ್ಲ ಬೇಕು. ಅಕ್ಕನ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನಿಷಿಯಲ್ ಹಿಂದೆ ಹೋಗಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಬಂದು ಮತ್ತೊಂದು. ಗಡಿನಾಡಿನಲ್ಲಿ ಇದು ಮನೆಮನೆಯ ಕಥೆ. ವಿಲ್ಲೇಜ್ ಆಫೀಸರ್ ಒಳ್ಳೆಯ ಮನುಷ್ಯ, ಪಾಲಕ್ಕಾಡಿನ ಕಡೆಯವರು. "ಚೇಚಿ, ನನಗೆ ಅರ್ಥವಾಗುತ್ತದೆ. ಆದರೆ ತಿರುವನಂತಪುರದವರಿಗೆ ಅರ್ಥವಾಗುವಂತೆ ಬರೆದುಕೊಡಬೇಕಲ್ಲ" ಎಂದು, ಮೂರು ಹೆಸರೂ ಒಬ್ಬಳದ್ದೇ ಎಂಬ ಪತ್ರವನ್ನು ತಾವೇ ಕರಡು ಮಾಡಿದರು. ಅರ್ಜಿಯನ್ನು ಕನ್ನಡದಲ್ಲಿ ಕೊಡುವ ಹಕ್ಕು ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಇದೆ, ನಾನು ಬೇರೆ ವಿಷಯಗಳಲ್ಲಿ ಹಠ ಮಾಡಿ ಕನ್ನಡದಲ್ಲೇ ಬರೆಯುವವಳು. ಈ ಕಡತ ಮಾತ್ರ ಮಲಯಾಳದಲ್ಲಿ ಹೋಯಿತು. ಅನುವಾದಕ್ಕೆಂದು ಯಾರದ್ದೋ ಮೇಜಿನ ಮೇಲೆ ಒಂದು ವಾರ ಕುಳಿತರೂ ನಷ್ಟ ಹುಡುಗನಿಗೆ.

ಸಂಜೆ ಕಾಸರಗೋಡಿನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ತಿರುವನಂತಪುರ. ರಾಜ್ಯದ ಈ ತುದಿಯಿಂದ ಆ ತುದಿಗೆ. ಟಿಕೆಟ್ ರಿಯಾಯಿತಿ ಕೇಳಿದೆ; ಕ್ಯಾನ್ಸರ್, ತಲಸ್ಸೀಮಿಯಾ, ಹಿಮೋಫಿಲಿಯಾ ರೈಲ್ವೆಯ ಪಟ್ಟಿಯಲ್ಲಿವೆ, ಗೋಶೆ ಇಲ್ಲ. ಕೌಂಟರಿನಲ್ಲಿದ್ದವರು ಪಟ್ಟಿಯನ್ನು ಎರಡು ಸಲ ಓದಿ ನೋಡಿ, ಬೇಸರದಿಂದ ತಲೆಯಾಡಿಸಿದರು. ಅಪರೂಪದ ಕಾಯಿಲೆಯವರಿಗೆ ಎಲ್ಲ ಪಟ್ಟಿಗಳಲ್ಲೂ ಇದೇ ಪಾಡು, ಪಟ್ಟಿ ಮಾಡುವಾಗ ನೆನಪಾಗುವಷ್ಟು ಜನ ನಾವಿಲ್ಲ.

ಆಸ್ಪತ್ರೆಯ ತಳಿವಿಜ್ಞಾನ ವಿಭಾಗದಲ್ಲಿ ಹುಡುಗನನ್ನು ಮೊದಲಿಂದ ಪರೀಕ್ಷಿಸಿದರು. ಜೀನ್ ಪರೀಕ್ಷೆಯ ವರದಿ, ಗುಲ್ಮದ ಅಳತೆ, ನರಗಳಿಗೆ ತೊಂದರೆ ಇದೆಯೇ ಎಂಬ ತಪಾಸಣೆ. ಮೆದುಳಿಗೆ ಏರುವ ಬಗೆಯ ಗೋಶೆಗೆ ಈ ಕಿಣ್ವದಿಂದ ಆಗುವ ಉಪಕಾರ ಕಡಿಮೆ, ಅಲ್ಲಿಗೆ ಔಷಧ ತಲುಪುವುದಿಲ್ಲ. ನಮ್ಮವನದು ಮೆದುಳಿಗೆ ಏರದ ಬಗೆ, ಟೈಪ್ 1, ಎಂದು ಖಚಿತವಾಯಿತು. ಬಳಿಕ ತಜ್ಞರ ಸಮಿತಿಯ ಮುಂದೆ ಕಡತ ಹೋಗಿ, ಅಲ್ಲಿಂದ ದೆಹಲಿಗೆ ಹಣದ ಬೇಡಿಕೆ ಹೋಗಿ, ಖರೀದಿ ಆಗಿ ಔಷಧ ಬರಬೇಕು. ಪ್ರತಿ ಹಂತದಲ್ಲೂ ನಾನು ಕೇಳುತ್ತಿದ್ದ ಪ್ರಶ್ನೆ, ಈಗ ಯಾರ ಸಹಿ ಬಾಕಿ ಇದೆ, ಅವರು ರಜೆಯಲ್ಲಿ ಇದ್ದಾರೆಯೇ ಎಂಬುದು. ‘ಕಡತ ಎಲ್ಲಿದೆ’ ಎಂದು ಕೇಳಿದರೆ ಪ್ರಕ್ರಿಯೆಯಲ್ಲಿದೆ ಎನ್ನುತ್ತಾರೆ. ಯಾರ ಸಹಿ ಎಂದರೆ ಹೆಸರು ಹೇಳಲೇಬೇಕು. ನಾನೂ ಕೌಂಟರಿನ ಒಳಗೆ ಕೂರುವವಳಲ್ಲವೇ.

ಕಾಯುವ ಆ ತಿಂಗಳುಗಳಲ್ಲಿ ಹುಡುಗನ ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಗುಲ್ಮಕ್ಕೆ ಪೆಟ್ಟಾದರೆ ಅಪಾಯವೆಂದು ಆಟವಾಡಲು ಬಿಡುತ್ತಿರಲಿಲ್ಲ. ಅಕ್ಕ ಅವನನ್ನು ಶಾಲೆಯ ಗೇಟಿನಿಂದ ತರಗತಿಯವರೆಗೆ ಕೈ ಹಿಡಿದು ಬಿಡುತ್ತಿದ್ದಳು, ಅವನು ನಾಚಿಕೆಯಿಂದ ಕೈ ಕೊಸರಿಕೊಳ್ಳುತ್ತಿದ್ದ. ಈ ಭಾಗದ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಔಷಧ ಬಂತು. ಕೆಲವೇ ತಿಂಗಳಲ್ಲಿ ಹೊಟ್ಟೆ ಇಳಿಯಿತು, ಮೂಗಿನ ರಕ್ತ ನಿಂತಿತು, ಹಸಿವು ಹೆಚ್ಚಿತು. ತೂಕದ ಯಂತ್ರ 22 ಕಿಲೋ ತೋರಿಸಿದ ದಿನ ಅಕ್ಕನಿಗೆ ಕುಣಿಯುವಷ್ಟು ಸಂತೋಷ. ನಾನು ಮನಸ್ಸಿನಲ್ಲೇ ಗುಣಿಸುತ್ತಿದ್ದೆ: 1,320 ಯೂನಿಟ್, ಅಂದರೆ ನಾಲ್ಕನೆಯ ಶೀಶೆ ಒಡೆಯಬೇಕು. ಸದ್ಯಕ್ಕೆ ಮೂರರಲ್ಲೇ ಮುಂದುವರಿಸೋಣ, ರಕ್ತದ ವರದಿ ಚೆನ್ನಾಗಿದೆ ಎಂದು ಡಾಕ್ಟರ್ ಹೇಳಿದರು. ಅವರೂ ಗುಣಿಸಿದ್ದರು ಎಂದು ಅವರ ಮುಖದಿಂದಲೇ ಗೊತ್ತಾಯಿತು.

ಕೇಂದ್ರದ 50 ಲಕ್ಷ, ಲೆಕ್ಕ ಹಾಕಿದ್ದಂತೆಯೇ, ವರ್ಷ ತುಂಬುವ ಮೊದಲು ಮುಗಿಯಿತು. ಜೀವನಪೂರ್ತಿಯ ಕಾಯಿಲೆಗೆ ಒಂದು ಮಿತಿ ಇಟ್ಟು ಕೈಬಿಡುವುದರಲ್ಲಿ ಯಾವ ನ್ಯಾಯವಿದೆ ಎಂದು ನಮಗಿಂತ ಮೊದಲೇ ಅನೇಕ ಹೆತ್ತವರು ಕೋರ್ಟಿನಲ್ಲಿ ಕೇಳಿದ್ದಾರೆ. 2024ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟ್ ವಿರಳ ರೋಗಗಳಿಗೆ ರಾಷ್ಟ್ರೀಯ ನಿಧಿ ಸ್ಥಾಪಿಸಬೇಕು, ಎರಡು ವರ್ಷಕ್ಕೆ 974 ಕೋಟಿ ಇಡಬೇಕು ಎಂದಿತ್ತು. ತೀರ್ಪು ಬಂದ ದಿನ ನಮ್ಮ ಮನೆಯಲ್ಲಿ ಪಾಯಸ ಆಗಿತ್ತು. ತೀರ್ಪಿನ ಹಣ ಶೀಶೆಯಾಗುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಗೊತ್ತಿದ್ದ ನಾನು ಪಾಯಸ ತಿಂದು ಸುಮ್ಮನಿದ್ದೆ. ಈಗ ಔಷಧ ಬರುತ್ತಿರುವುದು ರಾಜ್ಯದ ಯೋಜನೆಯಿಂದ. ನಾವು ಮೊದಲೇ ಅಲ್ಲಿ ನೋಂದಾಯಿಸಿದ್ದರಿಂದ ಹೊಸದಾಗಿ ಏನನ್ನೂ ಸಾಬೀತು ಮಾಡಬೇಕಾಗಲಿಲ್ಲ. ಭಾವ ಈ ವಿಷಯ ಎತ್ತುವುದಿಲ್ಲ, ಆದರೆ ತೋಟದ ಬಾಳೆಗೊನೆ ಈಗ ಮೊದಲು ನಮ್ಮ ಮನೆಗೆ ಬರುತ್ತದೆ.

ಸಣ್ಣಪುಟ್ಟ ಅನುಕೂಲಗಳು ಆಗಿವೆ. ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ಸ್ವಂತ ಬಳಕೆಗೆ ತರಿಸುವ ಔಷಧಗಳಿಗೆ 2023ರ ಏಪ್ರಿಲ್ 1ರಿಂದ ಮೂಲ ಆಮದು ಸುಂಕವಿಲ್ಲ. ಅದಕ್ಕೆ ಜಿಲ್ಲಾ ವೈದ್ಯಾಧಿಕಾರಿಗಳ ಪ್ರಮಾಣಪತ್ರ ಸಾಕು. ಇಮಿಗ್ಲುಸೆರೇಸ್ ಮೇಲಿದ್ದ ಶೇ 5ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಯಿತು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಎಲಿಗ್ಲುಸ್ಟಾಟ್ ಎಂಬ ಮಾತ್ರೆ. ಗೋಶೆಯ ಈ ಮಾತ್ರೆಗೆ ವರ್ಷಕ್ಕೆ 1.8 ಕೋಟಿಯಿಂದ 3.6 ಕೋಟಿವರೆಗೆ ಇದ್ದ ಖರ್ಚು ಭಾರತದಲ್ಲೇ ತಯಾರಾದ ಮೇಲೆ 3ರಿಂದ 6 ಲಕ್ಷಕ್ಕೆ ಇಳಿಯುತ್ತದೆ ಎಂದು 2023ರ ನವೆಂಬರಿನಲ್ಲಿ ಸರ್ಕಾರ ಪ್ರಕಟಿಸಿತು. ಆ ಸುದ್ದಿ ಕತ್ತರಿಸಿ ಕಡತದಲ್ಲಿಟ್ಟಿದ್ದೇನೆ. ಅದು ದೊಡ್ಡವರಿಗೆ ಕೊಡುವ ಔಷಧ. ಅದಕ್ಕೂ ಮೊದಲು ದೇಹ ಅದನ್ನು ಹೇಗೆ ಅರಗಿಸುತ್ತದೆ ಎಂಬ ಜೀನ್ ಪರೀಕ್ಷೆ ಆಗಬೇಕು. ಆದರೂ ಹುಡುಗನಿಗೆ ಹದಿನೆಂಟು ತುಂಬುವವರೆಗೆ ಹೇಗಾದರೂ ತಳ್ಳಬೇಕು ಎಂಬ ಒಂದು ಗುರಿ ಸಿಕ್ಕಿದೆ. ಆರು ಲಕ್ಷ ದೊಡ್ಡ ಮೊತ್ತವೇ. ಆದರೆ ಅದು ನಾನು ಬ್ಯಾಂಕಿನಲ್ಲಿ ದಿನವೂ ನೋಡುವ ಮೊತ್ತ.

ಒಮ್ಮೆ ಸರಬರಾಜು ತಡವಾಗಿ ಎರಡು ಸರದಿ ತಪ್ಪಿತು. ಯಾರನ್ನು ಕೇಳಿದರೂ ಇನ್ನೊಬ್ಬರತ್ತ ಕೈ ತೋರಿಸಿದರು. ಹುಡುಗನಿಗೆ ಮೂಳೆ ನೋವು ಶುರುವಾಯಿತು. ಅಂದಿನಿಂದ ಸಮಿತಿಯ ಖಾತೆಯಲ್ಲಿ ಉಳಿದಿದ್ದ ಹಣದ ಬಗ್ಗೆ ನನಗೆ ಒಂದು ಯೋಚನೆ ಇತ್ತು.

ಆ ಹಣದ ಬಗ್ಗೆ ಊರಿನಲ್ಲಿ ಮಾತು ಎದ್ದಿತ್ತು. ಔಷಧ ಪುಕ್ಕಟೆ ಸಿಗುತ್ತಿದೆಯಂತೆ, ಹಾಗಾದರೆ ನಮ್ಮ ಬಿರಿಯಾನಿಯ ದುಡ್ಡು ಎಲ್ಲಿ ಎಂದು. ಕೇಳುವುದು ಅವರ ಹಕ್ಕು. ಕಳೆದ ತಿಂಗಳು ಶಾಲೆಯಲ್ಲಿ ಸಭೆ ಕರೆದು ಲೆಕ್ಕ ಓದಿದೆವು: ಬಂದದ್ದು, ಪರೀಕ್ಷೆಗಳಿಗೆ ಹೋದದ್ದು, ರೈಲು, ಆಟೋ, ಲಾಡ್ಜ್. ಇನ್ನೊಂದು ಮಗುವಿಗೆ ಕೊಟ್ಟುಬಿಡೋಣ ಎಂದು ಒಬ್ಬರು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಆಗಬಹುದು ಎಂದು ಇನ್ನೊಬ್ಬರು. ಮಸೀದಿಯ ಕಾರ್ಯದರ್ಶಿ ನಕ್ಕು, "ಅದಕ್ಕೆ ಬೇರೆ ಬಿರಿಯಾನಿ ಮಾಡೋಣ" ಎಂದರು. ಕೊನೆಗೆ ನಿಂತ ತೀರ್ಮಾನ: ಪ್ರಯಾಣದ ಖರ್ಚಿಗೆ ಒಂದು ಭಾಗ, ಸರಬರಾಜು ತಪ್ಪಿದರೆ ಒಂದು ಸರದಿಯ ಮೂರು ಶೀಶೆ ಕೊಳ್ಳುವಷ್ಟನ್ನು ಮುಟ್ಟದೆ ಠೇವಣಿ ಇಡುವುದು, ಉಳಿದದ್ದು ಮುಳ್ಳೇರಿಯದ ಕಡೆಯ ಒಂದು ಕುಟುಂಬದ ಪರೀಕ್ಷೆಗಳಿಗೆ. ವಾರ್ಡ್ ಸದಸ್ಯೆ ನಿರ್ಣಯ ಬರೆದರು, ಎಲ್ಲರೂ ಸಹಿ ಹಾಕಿದರು. ಠೇವಣಿ ಯಾವ ಬ್ಯಾಂಕಿನಲ್ಲಿ ಎಂಬ ಪ್ರಶ್ನೆ ಮತ್ತೆ ಬಂತು. ನಮ್ಮಲ್ಲಿ ಬಡ್ಡಿ ಸ್ವಲ್ಪ ಹೆಚ್ಚೇ ಇದೆ. ಆದರೂ ಬೇಡವೆಂದೆ.